ಕೊರಕಲಿಗೆ ಇಳಿಯುವ ದಾರಿ

ನಮ್ಮವ್ವ ಜೀವಮಾನದಲ್ಲಿ ಇಂಥ ಕಡೆಗೆ ಹೋಗಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಒಂದೇ ಸಲ. ತಿರುಪತಿ ಕೇಳಲಿಲ್ಲ, ಮೈಸೂರು ದಸರಾ ಕೇಳಲಿಲ್ಲ. ಕೇಳಿದ್ದು ತೆಲುಗು ಸೀಮೆಯ ಕಾಡಿನೊಳಗಿನ ಒಂದು ಕೊರಕಲನ್ನು. ಎರಡೂ ಕಡೆ ಗೋಡೆಯಂತೆ ನಿಂತ ಬಂಡೆ, ತಳದಲ್ಲಿ ಬೇಸಿಗೆಯಲ್ಲೂ ಬತ್ತದ ನೀರು, ಹಗಲಲ್ಲೂ ನೆರಳು. ಹಾಗಂತ ಅಪ್ಪ ಹೇಳುತ್ತಿದ್ದ. ಹೆಂಗಸರಾದ ನಾವ್ಯಾರೂ ಅದನ್ನು ಕಂಡಿರಲಿಲ್ಲ. ಆ ನೀರಿನ ದಂಡೆಯಲ್ಲಿ ಅಪ್ಪ ನಮ್ಮಣ್ಣನನ್ನು ಮಣ್ಣು ಮಾಡಿ ಬಂದಿದ್ದ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನನ್ನ ತವರು ಹೊಸದುರ್ಗ ತಾಲ್ಲೂಕಿನಲ್ಲಿ, ಬಾಗೂರಿನಾಚೆಯ ಒಂದು ಹಟ್ಟಿ. ಕುರಿ ಸಾಕುವ ಮಂದಿ ನಾವು. ದೀಪಾವಳಿ ಕಳೆದ ಮೇಲೆ ಮಂದೆ ಹೊರಡುತ್ತಿತ್ತು. ಹಿರಿಯೂರು ದಾಟಿ, ಮೇಯುತ್ತಾ ಮೇಯುತ್ತಾ ತೆಲುಗು ಸೀಮೆ ಸೇರಿ, ಬಿಸಿಲು ಏರಿದಾಗ ಆ ಕೊರಕಲಿಗಿಳಿದು, ಮುಂಗಾರಿನ ಹೊತ್ತಿಗೆ ವಾಪಸಾಗುತ್ತಿತ್ತು. ಮಂದೆಗೆ ಇಬ್ಬರು ಇರಬೇಕು. ಒಬ್ಬ ಮುಂದಾಳು, ಒಬ್ಬ ಹಿಂದಾಳು. ದಾರಿ, ನೀರು, ಮೇವು ಎಲ್ಲ ಮುಂದಾಳಿನ ಹೊಣೆ. ಹಿಂದೆ ಉಳಿದ ಮರಿ, ಕುಂಟುವ ಕುರಿ, ಹೊಂಚು ಹಾಕುವ ತೋಳ ಹಿಂದಾಳಿನ ಪಾಲು. ನಮ್ಮಪ್ಪ ಮೀಸೆ ಮೂಡುವ ಮೊದಲಿನಿಂದಲೂ ಹಿಂದಾಳು. ಮುಂದೆ ದೊಡ್ಡಪ್ಪ ನಡೆಯುತ್ತಿದ್ದ. ದೊಡ್ಡಪ್ಪ ತೀರಿಕೊಂಡ ಮೇಲೆ ಅಣ್ಣ ನಡೆದ. ಆ ಕೊರಕಲಿಗೆ ಇಳಿಯುತ್ತಿದ್ದುದು ನಮ್ಮ ಮಂದೆಯೊಂದೇ. ಬೇಸಿಗೆಯ ನೀರಿನ ಜಾಗವನ್ನು ನಮ್ಮವರು ಹೆಣ್ಣು ಕೊಟ್ಟ ಬೀಗರಿಗೂ ಹೇಳುವುದಿಲ್ಲ.

ಅಣ್ಣನ ಬೆನ್ನ ಹಿಂದೆ ಯಾವಾಗಲೂ ಒಂದು ಕರಿ ಹೋತ. ತಾಯಿ ಸತ್ತ ಮರಿ ಅದು. ಅಣ್ಣ ಅದನ್ನು ಕಂಬಳಿಯೊಳಗೆ ಕಟ್ಟಿಕೊಂಡು, ಬೆರಳಿಗೆ ಹಾಲು ಅದ್ದಿ ಚೀಪಿಸಿ ಬೆಳೆಸಿದ್ದ. ಕುರಿಗಳಿಗೆ ಸ್ವಂತ ಬುದ್ಧಿ ಇಲ್ಲ, ಹೋತ ಹೋದ ಕಡೆ ಹೋಗುತ್ತವೆ. ಅದಕ್ಕೇ ಅದರ ಕೊರಳಿಗೆ ಹಿತ್ತಾಳೆ ಗಂಟೆ. ಆ ಪ್ರಾಣಿಗೆ ಎಷ್ಟು ಸೊಕ್ಕು ಅಂದರೆ, ಅವ್ವ ರೊಟ್ಟಿ ತಟ್ಟುತ್ತಿದ್ದರೆ ಸೀದಾ ಒಳಗೆ ಬಂದು ಹಿಟ್ಟಿನ ಮರಿಗೆಗೇ ಬಾಯಿ ಹಾಕುತ್ತಿತ್ತು.

"ಲೇ, ನಿನ್ನ ಮಗನ್ನ ಆಚಿಗೆ ಕರ್ಕಳೋ, ಇಲ್ಲಾಂದ್ರೆ ಕೊಳ್ಳಿ ತಗಂಡು ಬಾರಿಸ್ತೀನಿ!" ಅಂತ ಅವ್ವ ಅಣ್ಣನಿಗೆ ಕೂಗುತ್ತಿದ್ದಳು. ಬಾರಿಸಿದ್ದು ಮಾತ್ರ ನಾನು ಒಂದು ದಿನವೂ ನೋಡಲಿಲ್ಲ.

ಮಂದೆ ಮರಳುವ ದಿನ ಮನೆಯ ಹೆಂಗಸರು ಹಟ್ಟಿಯ ಹೊರಗಿನ ಬೇವಿನ ಮರದ ಹತ್ತಿರ ಮಜ್ಜಿಗೆ ಚೊಂಬು ಹಿಡಿದು ನಿಲ್ಲುವುದು ನಮ್ಮ ಪದ್ಧತಿ. ಮುಂದಾಳು ಮೊದಲು ಮಜ್ಜಿಗೆ ಕುಡಿಯಬೇಕು, ಆಮೇಲೆ ಮಂದೆ ಒಳಗೆ ಬರಬೇಕು. ಆ ವರ್ಷ ನಾನು ಬಾಣಂತನಕ್ಕೆಂದು ತವರಿನಲ್ಲಿದ್ದೆ. ಕೂಸನ್ನು ಎತ್ತಿಕೊಂಡು ಅವ್ವನ ಪಕ್ಕ ನಿಂತಿದ್ದೆ. ಗಂಟೆ ಸದ್ದು ಕೇಳಿತು, ಧೂಳು ಕಂಡಿತು, ಹೋತ ಬಂತು. ಅದರ ಮುಂದೆ ಯಾರೂ ಇರಲಿಲ್ಲ.

"ಹಿಂದೆ ಮರಿ ಎತ್ಕಂಡು ಬತ್ತಿರ್ಬೇಕು" ಅಂದಳು ಅವ್ವ.

ಕುರಿಗಳೆಲ್ಲ ದಾಟಿಹೋದವು. ಕೊನೆಗೆ ಅಪ್ಪ ಬಂದ. ಹೆಗಲ ಮೇಲೆ ಎರಡು ಕಂಬಳಿ ಇದ್ದವು. ಎರಡನೆಯದಕ್ಕೆ ಅವ್ವನೇ ಕೂತು ಉಣ್ಣೆ ನೂತಿದ್ದಳು, ಅದರ ಅಂಚು ಅವಳಿಗೆ ಗೊತ್ತು. ಅವಳು ಮಜ್ಜಿಗೆ ಚೊಂಬನ್ನು ಹಾಗೇ ಹಿಡಿದುಕೊಂಡು ಮನೆಗೆ ನಡೆದಳು. ಕತ್ತಲಾದ ಮೇಲೆ ನಾನೇ ಅವಳ ಬೆರಳು ಬಿಡಿಸಿ ಅದನ್ನು ಇಸಿದುಕೊಂಡೆ.

ಚಳಿಜ್ವರವಂತೆ. ನೀರಿನ ಹತ್ತಿರವೇ ಮಲಗಿದವನು ಏಳಲಿಲ್ಲವಂತೆ. ಅಪ್ಪ ಒಬ್ಬನೇ ಗುಂಡಿ ತೋಡಿ, ನರಿ ಕೆದರದಂತೆ ಕಲ್ಲು ಒಟ್ಟಿ, ಮಂದೆ ಹೊಡೆದುಕೊಂಡು ಬಂದಿದ್ದ. ಮಗ ಸತ್ತರೂ ಕುರಿ ಮೇಯಬೇಕಲ್ಲ, ನೀರು ಕುಡಿಯಬೇಕಲ್ಲ. ಅಷ್ಟು ದೂರ ಅವನು ಹೇಗೆ ನಡೆದು ಬಂದನೋ.

ಹಟ್ಟಿಯ ಹಿರಿಯರು ಕೂತು ತಿಥಿಯ ಮಾತಾಡಿದರು. ನಮ್ಮಲ್ಲಿ ಮುಂದಾಳು ಸತ್ತರೆ ಅವನ ಹೋತವನ್ನು ಅವನ ಎಡೆಗೇ ಕೊಡಬೇಕು. ಇನ್ನೊಬ್ಬನ ಹಿಂದೆ ಅದನ್ನು ನಡೆಸಿದರೆ ಸತ್ತವನು ಅಲ್ಲಿ ಒಬ್ಬಂಟಿಯಾಗುತ್ತಾನೆ ಅಂತ ನಂಬಿಕೆ. ಅಪ್ಪ ಹೂಂ ಅಂದ. ಕರಿ ಹೋತವನ್ನು ಕೊಯ್ದರು. ಹಟ್ಟಿಗೆ ಹಟ್ಟಿಯೇ ಕೂತು ಉಂಡಿತು, ನಾನೂ ಉಂಡೆ. ಅವ್ವ ಮಾತ್ರ ಬಾಯಿಗಿಡಲಿಲ್ಲ. ಗಂಟೆಯನ್ನು ಹುಣಸೆಹಣ್ಣಿನಲ್ಲಿ ತೊಳೆದು ನಡುಮನೆಯ ಗೂಟಕ್ಕೆ ನೇತುಹಾಕಿದಳು.

ತಿಥಿಯಾಯಿತು ಸರಿ, ಹಾಲುತುಪ್ಪ ಆಗಿರಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ ಆ ಮಣ್ಣಿನ ಮೇಲೆ ಹಾಲು, ತುಪ್ಪ ಬಿಡಬೇಕು. ಬಿಟ್ಟರೇನೇ ಹೋದ ಜೀವದ ಬಾಯಾರಿಕೆ ಆರುವುದು. ಕಾಡಿನಲ್ಲಿ ಅಪ್ಪನ ಹತ್ತಿರ ಕುರಿ ಹಾಲಿತ್ತು, ತುಪ್ಪ ಇರಲಿಲ್ಲ. ಹಾಲಷ್ಟೇ ಬಿಟ್ಟು ಬಂದೆ ಅಂದ.

"ಅರ್ಧ ಮಾಡಿ ಬಂದೀಯಲ್ಲ" ಅಂದಳು ಅವ್ವ. "ನನ್ನ ಮಗ ಅಲ್ಲಿ ಬಾಯಿ ಬಿಟ್ಕಂಡು ಮಲಗಿದಾನೆ."

ಅವತ್ತಿನಿಂದ ಅವಳು ಹಾಲು, ಮೊಸರು, ತುಪ್ಪ ಮುಟ್ಟಲಿಲ್ಲ. ಬರಿ ಸೊಪ್ಪಿನ ಸಾರು, ರಾಗಿ ಮುದ್ದೆ. ಚಿಕ್ಕಜಾಜೂರಿನ ನಮ್ಮ ಮನೆಗೆ ಬಂದರೂ ಕರಿ ಕಾಫಿ. ನಾನು ರೇಗಿ, ಬೈದು, ಗೋಗರೆದು ಎಲ್ಲ ಮಾಡಿದೆ. "ಅವನಿಗೆ ಬಿಟ್ಟ ಮ್ಯಾಲೆ ಉಣ್ತೀನಿ, ಹೋಗೇ" ಅನ್ನುತ್ತಿದ್ದಳು. ಕಣ್ಣ ಮುಂದೆಯೇ ಸೊರಗಿ ಹಂಚಿಕಡ್ಡಿಯಂತಾದಳು.

ನನ್ನ ಗಂಡ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಹೊಳಲ್ಕೆರೆ ಕಡೆಯವರು. ಯಾವ ಗಾಡಿ ಎಲ್ಲಿಗೆ ಎಷ್ಟು ಹೊತ್ತಿಗೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವ ಆಸಾಮಿ. ಗುಂತಕಲ್ ಕಡೆಯಿಂದ ಬಂದ ಒಬ್ಬ ಗಾರ್ಡು ಅವರಿಗೆ ಒಂದು ಸುದ್ದಿ ಹೇಳಿದ. ಆ ಕೊರಕಲಿನ ಕಾಡನ್ನು ಸರ್ಕಾರ ಹುಲಿ ಚಿರತೆಗಳಿಗೆಂದು ಬಿಟ್ಟುಕೊಟ್ಟು, ನ್ಯಾಷನಲ್ ಪಾರ್ಕ್ ಅಂತ ಮಾಡಿ ಗೇಟು ಹಾಕುತ್ತಿದೆ. ಕುರಿ ಮೇಕೆ ಇನ್ನು ಒಳಗೆ ಬಿಡುವುದಿಲ್ಲ. ಜನ ಬೇಕಾದರೆ ಗೇಟಿನಲ್ಲಿ ಹೇಳಿ ಹಗಲು ಹೋಗಿ ಹಗಲೇ ಬರಬಹುದು. ಬರುವ ವರ್ಷದಿಂದ ಅದೂ ಇಲ್ಲ.

ಅವತ್ತು ಅವ್ವ ನಮ್ಮ ಮನೆಯಲ್ಲೇ ಇದ್ದಳು. ಗೋಡೆಗೆ ಒರಗಿ ಕೂತವಳು ನೆಟ್ಟಗಾದಳು.

"ನನ್ನ ಕರ್ಕಂಡು ಹೋಗ್ರಪ್ಪ" ಅಂದಳು. "ಒಂದ್ ಗಳಿಗೆ ಸಾಕು. ಬಿಟ್ಟು ಬಂದ್ಬಿಡ್ತೀನಿ."

"ಅದಕ್ಕೇನಂತೆ ಅತ್ತೆ, ಹೋಗಾಣ" ಅಂದರು ನನ್ನ ಗಂಡ. ಆ ಕ್ಷಣದಿಂದಲೇ ಅವರಿಗೆ ಹುಮ್ಮಸ್ಸು. ಇಲ್ಲಿಂದ ಹುಬ್ಬಳ್ಳಿ, ಗದಗ, ಬಳ್ಳಾರಿ ಸುತ್ತಿಕೊಂಡು ಗುಂತಕಲ್. ಅಲ್ಲಿಂದ ಇನ್ನೊಂದು ಗಾಡಿ, ಆಮೇಲೆ ಬಸ್ಸು, ಆಮೇಲೆ ಕಾಲ್ನಡಿಗೆ. ಮಗುವನ್ನು ಹೊಳಲ್ಕೆರೆಯಲ್ಲಿ ನಮ್ಮತ್ತೆಯ ಹತ್ತಿರ ಬಿಡುವುದು. ಕುರಿಗಳನ್ನು ಚಿಕ್ಕಪ್ಪ ನೋಡಿಕೊಳ್ಳುವುದು. ದಾರಿಗೆ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ರೈಲು ದಾರಿಯನ್ನೇ ಬರೆದು ತೋರಿಸಿದರು. ಅವ್ವ ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ಓಡಾಡಿದಳು.

ತಕರಾರು ಬಂದದ್ದು ಹಾಲಿನದು. ತುಪ್ಪವನ್ನು ಅವ್ವ ಮನೆಯ ಬೆಣ್ಣೆಯಿಂದಲೇ ಕಾಯಿಸಿ, ಒಂದು ಔಷಧಿ ಬಾಟಲಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಇಟ್ಟಿದ್ದಳು. ಹಾಲು ಅಷ್ಟು ದೂರ ಕೆಡದೆ ಹೋಗುತ್ತದೆಯೇ?

"ಅಲ್ಲೇ ಎಲ್ಲಾದ್ರೂ ಕೊಂಡ್ರಾಯ್ತು ಬಿಡವ್ವ" ಅಂದೆ.

"ಯಾರ್ದೋ ಎಮ್ಮೆ ಹಾಲು ಅವನಿಗೆ ಹೆಂಗೇ ಬಿಡ್ಲಿ? ನಮ್ಮ ಕುರಿ ಒಂದನ್ನ ರೈಲಿನಾಗೆ ಕರ್ಕಂಡು ಹೋದ್ರೆ ಆಗಲ್ವಾ?"

"ಅತ್ತೆ, ಕುರಿಗೆ ಟಿಕೆಟ್ ಕೊಡಿಸಬಹುದು, ಗೇಟಿನಾಗೆ ಬಿಡಲ್ಲ" ಅಂದರು ನನ್ನ ಗಂಡ, ಬಹಳ ಗಂಭೀರವಾಗಿ. ಎಷ್ಟೋ ದಿನಕ್ಕೆ ಅವ್ವನ ಮುಖದ ಮೇಲೆ ನಗು ಬಂತು. ಕೊನೆಗೆ ಹಾಲು ಅಲ್ಲಿಯದು, ತುಪ್ಪ ನಮ್ಮದು ಅಂತ ತೀರ್ಮಾನವಾಯಿತು.

ಇಷ್ಟೆಲ್ಲ ನಡೆಯುವಾಗ ಅಪ್ಪ ಪಿಟ್ಟೆನ್ನಲಿಲ್ಲ. ಅವನನ್ನು ಬಿಟ್ಟು ಹೋಗುವಂತಿರಲಿಲ್ಲ, ಜಾಗ ಕಂಡವನು ಅವನೊಬ್ಬನೇ. ಮೊದಲ ಸಲ ದಿನ ಗೊತ್ತು ಮಾಡಿದಾಗ, ಉಣ್ಣೆ ಕತ್ತರಿಸುವವರು ಬರುತ್ತಾರೆ ಅಂದ. ಎರಡನೆಯ ಸಲ, ಕುರಿ ಮರಿ ಹಾಕುವ ಕಾಲ ಅಂದ. ಮತ್ತೊಮ್ಮೆ, ಹಿರಿಯೂರು ಸಂತೆಗೆ ಟಗರು ಹೊಡೆದುಕೊಂಡು ಹೋಗಬೇಕು ಅಂದ. ಅಣ್ಣ ಹೋದ ಮೇಲೆ ಅವನು ಮಂದೆಯನ್ನು ತೆಲುಗು ಸೀಮೆಗೆ ಒಯ್ದಿರಲೇ ಇಲ್ಲ. ಹಿರಿಯೂರಿನ ಕಣಿವೆ ಕೆರೆಯ ದಂಡೆಯಲ್ಲೇ ಹೇಗೋ ಮೇಯಿಸಿಕೊಂಡಿದ್ದ. ದುಃಖಕ್ಕೆ ಹಾಗೆ ಮಾಡುತ್ತಿದ್ದಾನೆ ಅಂತ ನಾವಂದುಕೊಂಡಿದ್ದೆವು. ಆದರೆ ಬಿಸಿಲು ಏರುತ್ತಿತ್ತು, ಗೇಟು ಮುಚ್ಚುವ ಕಾಲ ಹತ್ತಿರವಾಗುತ್ತಿತ್ತು, ಅವ್ವ ಇಳಿದುಹೋಗುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸು ಹತ್ತಿ ಹಟ್ಟಿಗೇ ಹೋದೆ.

"ಏನಪ್ಪ, ಬಾಯಿಗೆ ಬೀಗ ಹಾಕ್ಕಂಡಿದೀಯ?" ಅಂದೆ. "ನಿಂಗೆ ಕುರಿ ಹೆಚ್ಚೋ, ಕಟ್ಕಂಡೋಳು ಹೆಚ್ಚೋ? ಅವಳು ಸತ್ತ ಮ್ಯಾಲೆ ಕರ್ಕಂಡು ಹೋಗ್ತೀಯಾ?"

ಅವನು ಒಂದು ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ. "ಬತ್ತೀನಿ ಹೋಗು" ಅಂದ. ಬೈದದ್ದಕ್ಕೆ ನನಗೆ ಪಶ್ಚಾತ್ತಾಪವೇನೂ ಇಲ್ಲ. ಬಾಯಿದ್ದವನು ಅವತ್ತೇ ಹೇಳಬೇಕಿತ್ತು.

ಹೊರಡುವ ದಿನ ಅಪ್ಪ, ಅವ್ವ ಇಬ್ಬರೂ ಹೊಸದುರ್ಗ ರೋಡ್ ಸ್ಟೇಷನ್ನಿನಿಂದ ಗಾಡಿ ಹತ್ತಿ ಚಿಕ್ಕಜಾಜೂರಿಗೆ ಬಂದರು. ಹುಬ್ಬಳ್ಳಿ ಗಾಡಿ ಸಂಜೆಗಿತ್ತು. ಮಧ್ಯಾಹ್ನ ಉಂಡು ಕೂತಿದ್ದಾಗ ನನ್ನ ಗಂಡ ಸಹಜವಾಗಿ ಕೇಳಿದರು.

"ಮಾವ, ಗೇಟಿನಾಗೆ ಕೇಳ್ತಾರೆ. ಯಾವ ಕಡೆಯಿಂದ ಇಳಿಯಾದು? ಬಲಕ್ಕೋ, ಎಡಕ್ಕೋ?"

ಅಪ್ಪ ಕಂಬಳಿಯ ದಸಿ ಹಿಂಜುತ್ತಾ ಕೂತ. ಅವರು ಇನ್ನೊಮ್ಮೆ ಕೇಳಿದರು.

"ನಂಗೆ ಗೊತ್ತಿಲ್ಲ ಕಣಪ್ಪ" ಅಂದ.

"ಗೊತ್ತಿಲ್ಲ ಅಂದ್ರೆ?" ಅಂತ ನಾನು ಎಗರಿದೆ. "ವರ್ಷಾ ವರ್ಷಾ ಹೋಗಿದೀಯಲ್ಲ!"

"ಹೋಗಿದೀನಿ. ಹಿಂದೆ ಹೋಗಿದೀನಿ. ನಂಗೆ ಕುರಿ ಬೆನ್ನು ಗೊತ್ತು, ಅವುಗಳ ಕಾಲು ಗೊತ್ತು. ತಲೆ ಎತ್ತಿದ್ರೆ ಮರಿ ತಪ್ಪಿಸ್ಕಂತವೆ. ದಾರಿ ನೋಡಾದು ಅವನ ಕೆಲಸ." ಅವನು ಕೈ ಅಗಲಿಸಿ ಐದು ಬೆರಳನ್ನೂ ನಮ್ಮ ಮುಂದೆ ಹಿಡಿದ. "ಅಲ್ಲಿ ಕೊರಕಲು ಒಂದೇ ಅಲ್ಲ, ಹಿಂಗೆ ಅವೆ. ಎಲ್ಲಾ ಒಂದೇ ತರ."

ಹೊರಗೆ ಗೂಡ್ಸ್ ಗಾಡಿಯ ಶಂಟಿಂಗ್ ನಡೆದಿತ್ತು. ಡಬ್ಬಿಗಳು ಒಂದಕ್ಕೊಂದು ಗುದ್ದಿಕೊಂಡಾಗ ನಮ್ಮ ಗೋಡೆ ಅದುರುತ್ತಿತ್ತು.

ಅವ್ವ ಮೆಲ್ಲಗೆ ಕೇಳಿದಳು. "ಅವನು ಹೋದ ಮ್ಯಾಲೆ ನೀನು ಮ್ಯಾಲಕ್ಕೆ ಹೆಂಗೆ ಬಂದೆ?"

"ಹೋತ ಬಂತು. ನಾನು ಹಿಂದೆ ಬಂದೆ."

ಅಯ್ಯೋ ದೇವರೇ! ನಾವು ಕೊಯ್ದು, ಮಸಾಲೆ ಅರೆದು, ಬೇಯಿಸಿ ಉಂಡದ್ದು ಅದನ್ನೇ. ಅಣ್ಣನ ಮಣ್ಣಿಗೆ ದಾರಿ ಬಲ್ಲ ಜೀವ ಈ ಭೂಮಿಯ ಮೇಲೆ ಅದೊಂದೇ ಇತ್ತು. ಅವನು ಒಬ್ಬಂಟಿಯಾಗಬಾರದು ಅಂತ ಅದನ್ನು ಕೊಯ್ದು, ಅವನನ್ನು ಒಬ್ಬಂಟಿ ಮಾಡಿದ್ದೆವು.

"ತಿಥಿ ದಿನ ಹೇಳಾಕೆ ನಿನ್ನ ಬಾಯಿಗೇನಾಗಿತ್ತು?" ಅಂತ ನಾನು ಕಿರುಚಿದೆ.

"ಅವತ್ತು ಯಾರಂದ್ಕಂಡಿದ್ರೇ, ತಿರುಗಿ ಹೋಗ್ತೀವಿ ಅಂತ? ನಂಗೆ ಆ ಕಡೆ ಮುಖ ಹಾಕಾದೇ ಬ್ಯಾಡಾಗಿತ್ತು." ಅಪ್ಪ ಮತ್ತೆ ಕಂಬಳಿಯ ದಸಿಗೆ ಕೈ ಹಾಕಿದ. "ಆಮ್ಯಾಲೆ ಹೇಳಾಣ ಅಂದ್ರೆ, ಇವಳ ಮುಖ ನೋಡಿ ಧೈರ್ಯ ಬರ್ಲಿಲ್ಲ."

ಅವ್ವ ಅವನನ್ನು ಬೈಯಲಿಲ್ಲ. ತನ್ನ ಗಂಟು ಬಿಚ್ಚಿ, ತುಪ್ಪದ ಬಾಟಲಿ ಸೋರುತ್ತಿಲ್ಲವೇ ನೋಡಿದಳು. ಅದರ ಪಕ್ಕದಲ್ಲಿ ಹೋತದ ಗಂಟೆಯೂ ಇತ್ತು. ಯಾಕೆ ತಂದಿದ್ದಳೋ.

"ಗಾಡಿ ಎಷ್ಟೊತ್ತಿಗಪ್ಪ?" ಅಂತ ಅಳಿಯನನ್ನು ಕೇಳಿದಳು. "ಹೋಗಾಣ. ಹೋಗಿ ನೋಡಾಣ."

ಹೋದೆವು. ರೈಲಿನ ಇದ್ದಿಲ ಪುಡಿ ಕಣ್ಣಿಗೆ ಬಿದ್ದು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಮೂರನೆಯ ದಿನ ಬೆಳಗಿನ ಹೊತ್ತಿಗೆ ಆ ಗೇಟು ಮುಟ್ಟಿದೆವು. ಅಲ್ಲಿನ ಕಾವಲುಗಾರ ಒಳ್ಳೆಯ ಮನುಷ್ಯ. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ, ಹೊತ್ತು ಇಳಿಯುವ ಮೊದಲು ವಾಪಸಾಗಬೇಕು, ಚಿರತೆ ಓಡಾಡುತ್ತದೆ ಅಂದ. ತಾನೇ ಹಾಲು ಕೊಡಿಸಿದ. ಅಂಚಿನವರೆಗೆ ಜೊತೆಗೂ ಬಂದ.

ಅಂಚಿನಲ್ಲಿ ನಿಂತು ಕೆಳಗೆ ನೋಡಿದೆ. ಕೆಂಪು ಬಂಡೆ ಸೀಳಿ ಸೀಳಿ, ಒಂದರ ಪಕ್ಕ ಒಂದು ಸಂದು. ತಳವೇ ಕಾಣದು. ಎಲ್ಲೋ ನೀರಿನ ಸದ್ದು ಮಾತ್ರ ಇತ್ತು, ಯಾವ ಸಂದಿನಿಂದ ಬರುತ್ತಿದೆ ತಿಳಿಯುತ್ತಿರಲಿಲ್ಲ.

ಅವ್ವ ಗಂಟೆಯನ್ನು ತೆಗೆದು ಅಪ್ಪನ ಕೈಗಿಟ್ಟಳು. "ಮುಂದೆ ನಡಿ" ಅಂದಳು.

ಅಪ್ಪ ನಡೆದ. ಹೆಜ್ಜೆ ಹಾಕಿದಂತೆಲ್ಲ ಗಂಟೆ ಕಿಣಿಕಿಣಿ ಅಂದಿತು. ನಾಲ್ಕು ಹೆಜ್ಜೆ ಇಟ್ಟು ತಿರುಗಿ ನಮ್ಮ ಕಡೆ ನೋಡುತ್ತಿದ್ದ, ಮತ್ತೆ ನಡೆದು ಮತ್ತೆ ತಿರುಗುತ್ತಿದ್ದ. ಜೀವಮಾನದ ಅಭ್ಯಾಸ, ಯಾರಾದರೂ ಹಿಂದೆ ಉಳಿದರೇನೋ ಅಂತ.

"ನಮ್ಮನ್ನ ನೋಡಬ್ಯಾಡ, ಮುಂದೆ ನೋಡು" ಅಂತ ಅವ್ವ ಗದರಿದಳು.

ಮೊದಲ ಸಂದಿನಲ್ಲಿ ಕೂತು ಜಾರುತ್ತಾ ಇಳಿದೆವು. ಸ್ವಲ್ಪ ದೂರಕ್ಕೇ ಅದು ಕಡಿದಾದ ಬಂಡೆಗೆ ಬಂದು ನಿಂತಿತು. ಮೇಲೆ ಹತ್ತಿ ಇನ್ನೊಂದಕ್ಕೆ ಇಳಿದೆವು, ಬರೀ ಮುಳ್ಳುಪೊದೆ. ಮತ್ತೊಂದರಲ್ಲಿ ಅಪ್ಪ ಇದೇ, ಇದೇ ಅಂದ. ಅವ್ವನ ಮುಖ ಅರಳಿತು. ಅದೂ ಅಲ್ಲ. ಅವಳ ಸೀರೆ ಹರಿದಿತ್ತು, ಮೊಣಕೈ ತರಚಿತ್ತು, ಬಾಟಲಿಯನ್ನು ಮಾತ್ರ ಎದೆಗೆ ಒತ್ತಿ ಹಿಡಿದಿದ್ದಳು. ಬಿಸಿಲು ವಾಲಿತು. ಮೇಲಿನಿಂದ ಕಾವಲುಗಾರ ಕೂಗತೊಡಗಿದ. ಹತ್ತಿ ಬಂದ ಅಪ್ಪ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತು, ಚಿಕ್ಕ ಕೂಸಿನ ಹಾಗೆ ಅತ್ತ. ಅಣ್ಣ ಸತ್ತ ಮೇಲೆ ಅವನು ಅತ್ತದ್ದು ನಾನು ನೋಡಿದ್ದು ಅದೇ ಮೊದಲು.

"ಇಲ್ಲೇ ಬಿಡ್ರಿ ಅತ್ತೆ" ಅಂದರು ನನ್ನ ಗಂಡ. "ಹರಕಂಡು ಕೆಳಗೆ ಹೋಗ್ತೈತೆ. ಅವನಿಗೆ ಮುಟ್ಟತೈತೆ."

ಅವ್ವ ಕೆಂಡವಾದಳು. "ಕಂಡ ಕಡೆ ಚೆಲ್ಲಿ ಹೋಗಾಕೆ ಅವನೇನು ದಿಕ್ಕಿಲ್ಲದೋನಾ? ಅವನಿಗೆ ತಾಯಿ ಐದಾಳೆ!"

ಹಾಲು ಆಗಲೇ ಒಡೆದಿತ್ತು. ಅದನ್ನು ಗೇಟಿನ ನಾಯಿಗೆ ಹಾಕಿದಳು. ತುಪ್ಪವನ್ನು ಬಾಟಲಿಗೆ ಬಾಟಲಿಯೇ ವಾಪಸು ತಂದು, ನಡುಮನೆಯ ಗೂಟಕ್ಕೆ, ಗಂಟೆಯ ಪಕ್ಕದಲ್ಲೇ ಕಟ್ಟಿದಳು. ಮತ್ತೆ ಹೋಗೋಣ ಅಂತ ಯಾರೂ ಅನ್ನಲಿಲ್ಲ. ಮಾರನೆಯ ವರ್ಷ ಆ ಗೇಟು ಜನರಿಗೂ ಮುಚ್ಚಿತು ಅಂತ ಗಾರ್ಡು ಬಂದು ಹೇಳಿದ. ಆ ಮಾತನ್ನು ನಾವು ಅವ್ವನಿಗೆ ಮುಟ್ಟಿಸಲಿಲ್ಲ. ಅವಳೂ ಕೇಳಲಿಲ್ಲ, ಹಾಲು ತುಪ್ಪ ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ. ಮುಂದಿನ ಬೇಸಿಗೆ ಮುಗಿಯುವ ಮೊದಲೇ, ಮಲಗಿದ್ದ ಹಾಗೆಯೇ ಹೋಗಿಬಿಟ್ಟಳು. ಎತ್ತಿದರೆ ಭಾರವೇ ಇರಲಿಲ್ಲ.

ಅವಳನ್ನು ಹಟ್ಟಿಯ ಹಿಂದಿನ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲುತುಪ್ಪಕ್ಕೆ ನೆಂಟರೆಲ್ಲ ಸೇರಿದ್ದರು. ನಾನು ಹೊಸ ತುಪ್ಪ ಕಾಯಿಸಿ ತಂದಿದ್ದೆ. ಎಲ್ಲರೂ ಒಬ್ಬೊಬ್ಬರಾಗಿ ಬಿಟ್ಟರು. ಅಪ್ಪ ಎಲ್ಲರಿಗಿಂತ ಹಿಂದೆ ನಿಂತಿದ್ದ. ತನ್ನ ಸರದಿ ಬಂದಾಗ ಕಂಬಳಿಯೊಳಗಿನಿಂದ ಆ ಔಷಧಿ ಬಾಟಲಿಯನ್ನು ತೆಗೆದ. ಬಟ್ಟೆ ಬಿಚ್ಚುತ್ತಲೇ ಕಮಟು ವಾಸನೆ ಸುತ್ತ ಹರಡಿತು.

"ಕೆಟ್ಟ ತುಪ್ಪ ಬಿಡಬಾರದು ಕಣಣ್ಣ" ಅಂತ ಚಿಕ್ಕಪ್ಪ ಮುಂದೆ ಬಂದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

ಅಪ್ಪ ಬಾಟಲಿಯನ್ನು ಬೋರಲು ಮಾಡಿ, ಕೊನೆಯ ಹನಿ ಇಳಿಯುವವರೆಗೂ ಹಿಡಿದಿದ್ದ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಮಲಗಿದವರನ್ನು ಎಬ್ಬಿಸುವ ಹಾಗೆ ಆ ಮಣ್ಣನ್ನು ಮೆಲ್ಲಗೆ ತಟ್ಟಿದ.

"ಇದು ಅವನ ಪಾಲು ಕಣೇ, ಕೊಟ್ಟುಬಿಡು" ಅಂದ. "ನೀನು ಮುಂದೆ ಹೋಗಿದೀಯ. ನಾನು ಹಿಂದೆ ಬತ್ತೀನಿ."